ಗಾಳ ಹಿಡಿದ ಕಲೆಕ್ಟರ್

ನಮ್ಮ ಜಿಲ್ಲೆಯ ಚರಿತ್ರೆಯನ್ನು ಪಾಠ ಹೇಳುವಾಗ 1799ರಲ್ಲಿ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋನ ಹೆಸರನ್ನು ನಾನು ತಪ್ಪದೆ ಹೇಳುತ್ತಿದ್ದೆ. ಮುಂದೆ ದಕ್ಷಿಣ ಕನ್ನಡದ ಕಲೆಕ್ಟರನಾದ ಇನ್ನೊಬ್ಬ ಥಾಮಸನ ಹೆಸರು ಪಠ್ಯಪುಸ್ತಕದಲ್ಲಿಲ್ಲ. ಆತ ಹೆನ್ರಿ ಸಲ್ಲಿವನ್ ಥಾಮಸ್. ಭಾರತದ ಹೊಳೆಗಳಲ್ಲಿ ಗಾಳ ಹಾಕುವ ವಿದ್ಯೆಯನ್ನು ಕುರಿತು ಈತ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಗ್ರಂಥವು 1873ರಲ್ಲಿ ಪ್ರಕಟವಾದುದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ನಮ್ಮ ಯಡ್ತರೆ, ಬೈಂದೂರು, ಕೊಲ್ಲೂರುಗಳೂ ಅವುಗಳ ಹೊಳೆಗಳೂ ಥಾಮಸನ ಆಡಳಿತಕ್ಕೆ ಒಳಪಟ್ಟಿದ್ದವು.

ನಮ್ಮವರ ಗಾಳವೆಂದರೆ ಒಂದು ಕೋಲು, ನೂಲು, ಬೆಂಡು, ಕೊಕ್ಕೆಗೆ ಚುಚ್ಚಿದ ಎರೆಹುಳು. ಆಂಗ್ಲರ ‘ಫ್ಲೈ’ ಗಾಳದಲ್ಲಿ ಎರೆಯೇ ಇಲ್ಲ. ಗರಿ, ರೋಮ, ದಾರಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿಹುಳುವಿದೆ. ಅದಕ್ಕೆ ತೂಕವಿಲ್ಲದ ಕಾರಣ ಅದನ್ನು ದೂರ ಎಸೆಯಲಾಗದು. ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ ತಲೆಯ ಮೇಲ್ಗಡೆಯಲ್ಲೇ ತಡೆಯಬೇಕು. ದಾರವು ಬೆನ್ನ ಹಿಂದೆ ನೇರವಾಗುವ ತನಕ ಕ್ಷಣಕಾಲ ಕಾದು, ಬಳಿಕ ಮುಂದಕ್ಕೆ ಬೀಸಬೇಕು. ಅವಸರಪಟ್ಟರೆ ದಾರ ಚಾಟಿಯಂತೆ ಸಿಡಿದು ಹುಳುವೇ ಕಿತ್ತುಹೋಗುವುದುಂಟು. ಮೀನು ಹರಿವಿಗೆ ಎದುರು ಮುಖವಾಗಿ ನಿಲ್ಲುವುದರಿಂದ ಕೆಳದಿಕ್ಕಿನಿಂದ ಸಮೀಪಿಸಬೇಕು. ತನ್ನ ನೆರಳು ನೀರಿಗೆ ಬೀಳಬಾರದು.

ಈ ವಿದ್ಯೆ ಅವರ ನಾಡಿನಲ್ಲಿ ಬೆಳೆದುದು ತಣ್ಣೀರಿನ ಟ್ರೌಟ್ ಮೀನಿಗಾಗಿ. ಆ ಮೀನು ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಬಾಳದು. ದಕ್ಷಿಣದಲ್ಲಿ ಅದನ್ನು ನೀಲಗಿರಿಯಂಥ ಎತ್ತರದ ತಂಪು ತೊರೆಗಳಲ್ಲಿ ತಂದು ಸಾಕಬೇಕಾಯಿತು. ಇಲ್ಲಿ ಥಾಮಸನ ಮನ ಸೆಳೆದುದು ಮಹಶೀರ್, ನಮ್ಮ ದೇವಸ್ಥಾನಗಳ ಕಯಗಳಲ್ಲಿ ಭಕ್ತರು ಅಕ್ಕಿ ಹಾಕುವ ದೇವರ ಮೀನು.

ಗಾಳ ಹಾಕುವವನು ಗಂಟೆಗಟ್ಟಲೆ ನೀರನ್ನೇ ನೋಡುತ್ತಾನೆ. ಆ ನೋಟದಿಂದಲೇ ಇರಬೇಕು, ಪುಸ್ತಕಕ್ಕಿಂತ ಮೊದಲೇ, 1870ರಲ್ಲಿ, ಥಾಮಸನಿಂದ ದಕ್ಷಿಣ ಕನ್ನಡದ ಮತ್ಸ್ಯಸಂಪತ್ತಿನ ಕುರಿತು ವರದಿಯೊಂದು ಬಂತು. ಮಳೆಗಾಲದಲ್ಲಿ ಮೀನುಗಳು ಮೊಟ್ಟೆಯಿಡಲು ತೋಡು, ಗದ್ದೆಗಳಿಗೆ ಏರುವುದನ್ನು ‘ಹತ್ತುಮೀನು’ ಎನ್ನುತ್ತೇವಷ್ಟೆ. ಆ ದಾರಿಗೆ ಅಡ್ಡಲಾಗಿ ಸಣ್ಣ ಕಂಡಿಯ ಕೂಳಿಯಿಟ್ಟರೆ ಮರಿಗಳೂ ಉಳಿಯವು. ಬೇಸಗೆಯಲ್ಲಿ ನೀರು ಗುಂಡಿಗಿಳಿದಾಗ ವಿಷ ಬೆರೆಸಿದರೆ ತಾಯಿಯೂ ಉಳಿಯದು. ಇದು ಜನರ ಆಹಾರದ ಪ್ರಶ್ನೆಯೆಂದೇ ಥಾಮಸ್ ವಾದಿಸಿದ. ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ನಮ್ಮ ಜಿಲ್ಲೆಯ ಒಂದು ಮೀನಿಗೆ 1874ರಲ್ಲಿ ‘ಥಾಮಸಿ’ ಎಂದು ಈತನ ಹೆಸರನ್ನೇ ಇಟ್ಟ. 1897ರ ಭಾರತೀಯ ಮೀನುಗಾರಿಕಾ ಕಾಯಿದೆಯು ಹೊಳೆಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದು ಸಾರಿತು.

ದೊರೆಯ ವಿನೋದಕ್ಕಾಗಿ ಬಡವನ ಸಾರಿನ ಮೀನಿಗೆ ಕಾನೂನು ಬಂತೆಂದು ಯಾರಾದರೂ ಹೇಳಿದರೆ, ಆ ಮಾತನ್ನು ನಾನು ತಳ್ಳಿಹಾಕಲಾರೆ. ಗಾಳವು ಒಬ್ಬನಿಗೆ ಆಟ, ಇನ್ನೊಬ್ಬನಿಗೆ ಊಟ. ಆದರೆ ಮರಿ ಉಳಿಯದ ಹೊಳೆಯಲ್ಲಿ ಇಬ್ಬರ ಕೈಯೂ ಬರಿದು. ಕಾಯಿದೆ ಬಂದು ಸುಮಾರು ನೂರು ವರ್ಷ ಕಳೆದ ಮೇಲೆ, 1996ರಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಮತ್ಸ್ಯತೀರ್ಥಕ್ಕೆ ಯಾರೋ ವಿಷವಿಕ್ಕಿದರು. ದೇವರ ಮೀನುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ‘ಥಾಮಸಿ’ಯಾದರೋ ಇಂದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಮನ್ರೋ ನಮ್ಮ ಭೂಮಿಯ ಕಂದಾಯವನ್ನು ಲೆಕ್ಕ ಹಾಕಿದ. ಥಾಮಸ್ ಹೊಳೆಯ ಮೀನನ್ನು ಲೆಕ್ಕಕ್ಕೆ ತೆಗೆದುಕೊಂಡ. ಯಡ್ತರೆಯ ಮಕ್ಕಳು ಈ ಎರಡನೆಯ ಲೆಕ್ಕವನ್ನೂ ಕಲಿಯಲಿ ಎಂಬುದು ನನ್ನ ಆಸೆ.