ಪೀಣ್ಯದ ಶೆಡ್ಡು, ಕಪ್ಪುಕುಳಿಯ ಕಣ

ಜಗಳೂರು, ಚನ್ನಗಿರಿ ಕಡೆ ಸ್ವಲ್ಪ ಹಿರಿಯರನ್ನು ಕೇಳಿ, ಕಣದಲ್ಲಿ ಹಂತಿ ಹೊಡೆದ ಕಥೆ ಹೇಳ್ತಾರೆ. ನಡುವೆ ಮೇಟಿ, ಸುತ್ತ ಒಂದೇ ಸಾಲಿಗೆ ಕಟ್ಟಿದ ಎತ್ತುಗಳು. ಮೇಟಿ ಪಕ್ಕಕ್ಕೆ ಮುದಿ ಎತ್ತು ಕಟ್ಟಿದರೂ ನಡೆಯುತ್ತೆ. ಹೊರತುದಿಗೆ ಮಾತ್ರ ಚುರುಕಿನದೇ ಬೇಕು.

ಕಪ್ಪುಕುಳಿಯ ಕಣದಲ್ಲಿ ಎಲ್ಲ ಉಲ್ಟಾ. ಜೊತೆಗಿರೋ ನಕ್ಷತ್ರದಿಂದ ಎಳೆದುಕೊಂಡ ಅನಿಲ ನೇರವಾಗಿ ಒಳಗೆ ಬೀಳಲ್ಲ, ಸುತ್ತುತ್ತಾ ತಟ್ಟೆಯಾಗುತ್ತೆ. ಅಲ್ಲಿ ಒಳಸುತ್ತಿಗೆ ವೇಗ ಜಾಸ್ತಿ, ಹೊರಸುತ್ತಿಗೆ ಕಮ್ಮಿ. ಕಟ್ಟಿ ಹಾಕೋ ಹಗ್ಗವೂ ಇಲ್ಲ. ಹಾಗಾಗಿ ಅಕ್ಕಪಕ್ಕದ ಸುತ್ತುಗಳು ಉಜ್ಜಿಕೊಳ್ಳುತ್ತವೆ. ಒಳಗಿನದು ತನ್ನ ಕೋನೀಯ ಸಂವೇಗವನ್ನು ಹೊರಗಿನದಕ್ಕೆ ದಾಟಿಸಿ ಇನ್ನಷ್ಟು ಒಳಕ್ಕೆ ಜಾರುತ್ತೆ. ಈ ಉಜ್ಜಾಟಕ್ಕೆ ಒಳ ಅಂಚು ಕೋಟಿ ಡಿಗ್ರಿ ಆಸುಪಾಸು ಕಾಯ್ದು ಎಕ್ಸ್-ರೇ ಸೂಸುತ್ತೆ. ಸೋವಿಯತ್ ವಿಜ್ಞಾನಿಗಳಾದ ಶಕುರಾ ಮತ್ತು ಸುನ್ಯಾಯೆವ್ ಇದರ ಲೆಕ್ಕವನ್ನು 1973ರಲ್ಲಿ ಬರೆದುಕೊಟ್ಟರು.

ಕಪ್ಪುಕುಳಿ ಕಾಣಲ್ಲ, ಕಾಣೋದು ಈ ತಟ್ಟೆ. ಆದರೆ ನಮ್ಮ ವಾತಾವರಣ ಎಕ್ಸ್-ರೇಯನ್ನು ನೆಲಕ್ಕೆ ಬಿಡಲ್ಲ. ಮೇಲಕ್ಕೆ ಹೋಗಿಯೇ ನೋಡಬೇಕು.

ಬೆಂಗಳೂರಿನ ಆ ದಾರಿ ಶುರುವಾಗೋದು ಪೀಣ್ಯದಲ್ಲಿ. ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ನೇತೃತ್ವದ ತಂಡ ಅಲ್ಲಿನ ಶೆಡ್ಡುಗಳಲ್ಲಿ ಕಟ್ಟಿದ 360 ಕೆ.ಜಿ. ತೂಕದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ಹಳೇ ಎರಡು ರೂಪಾಯಿ ನೋಟಿನ ಹಿಂದಿದ್ದದ್ದು ಅದೇ. ದೇಶದ ಮೊದಲ ಉಪಗ್ರಹ ಅಂತ ಎಲ್ಲರಿಗೂ ಗೊತ್ತು. ಅದರೊಳಗೆ ಎಕ್ಸ್-ರೇ ಖಗೋಳದ ಉಪಕರಣ ಇತ್ತು ಅನ್ನೋದನ್ನು ಯಾರೂ ನೆನೆಯಲ್ಲ. ಐದು ದಿನ ಆಗೋ ಹೊತ್ತಿಗೆ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತುಹೋದವು.

ನಮ್ಮ ಐಟಿ ಲೆಕ್ಕದಲ್ಲಿ ಪ್ರಾಜೆಕ್ಟ್ ಕ್ಲೋಸ್. ಇಸ್ರೋದವರು ಹಾಗೆ ಬಿಡಲಿಲ್ಲ. ಮುಂಬೈನ ಟಿಐಎಫ್‌ಆರ್ ಜೊತೆ ಸೇರಿ 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದೊಳಗೆ ಮತ್ತೊಂದು ಎಕ್ಸ್-ರೇ ಉಪಕರಣ ಕಳಿಸಿದರು. ಅದು ನೋಡಿದ್ದರಲ್ಲಿ ಜಿಆರ್‌ಎಸ್ 1915+105 ಒಂದು. ಸೂರ್ಯನ ಸುಮಾರು 12 ಪಟ್ಟು ತೂಕದ ಕಪ್ಪುಕುಳಿ. ಅದರ ಎಕ್ಸ್-ರೇ ಕೆಲವೊಮ್ಮೆ ಸೆಕೆಂಡುಗಳಲ್ಲೇ ಏರಿ ಇಳಿಯುತ್ತೆ. ತಟ್ಟೆಯ ಒಳಭಾಗ ಬರಿದಾಗಿ, ಮತ್ತೆ ತುಂಬಿಕೊಳ್ಳೋದೇ ಇದಕ್ಕೆ ಕಾರಣ ಅನ್ನೋದು ಒಂದು ಮುಖ್ಯ ವಿವರಣೆ.

ಇಂಥ ಮಿಡಿತವನ್ನು ಚೆನ್ನಾಗಿ ಹಿಡಿಯೋಕೆ ದೊಡ್ಡ ಉಪಕರಣವೇ ಬೇಕು. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹಾರಿತು. ರಾಕೆಟ್ಟೂ ನಮ್ಮದೇ. ಅದೂ ಜಿಆರ್‌ಎಸ್ 1915+105ರ ಮಿಡಿತವನ್ನು ಅಳೆಯಿತು.

ಐದು ದಿನಕ್ಕೆ ನಿಂತ ಕೆಲಸ ಈ ಹಂತಕ್ಕೆ ಬರೋಕೆ 40 ವರ್ಷ ಹಿಡೀತು. ರಾವ್ 2017ರ ಜುಲೈನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಆಸ್ಟ್ರೋಸ್ಯಾಟ್ ಮೇಲಿತ್ತು, ಕೆಲಸ ಮಾಡ್ತಿತ್ತು.