ಬೂಸಾ ಮತ್ತು ಬುಟ್ಟಿ

ನಮ್ಮ ಹಳೆಯ ಮನೆಯ ಹಿತ್ತಲಿಗೆ ಎರಡು ಬಾಗಿಲಿದ್ದವು. ದೊಡ್ಡದು ಹಸು ಹೋಗಿಬರಲು. ಇನ್ನೊಂದು ಕಕ್ಕಸಿನ ಹಿಂಗೋಡೆಯ ಬುಡದಲ್ಲಿ, ಮೊಣಕಾಲೆತ್ತರದ ತಗಡಿನ ಬಾಗಿಲು. ಬೆಳಗಿನ ಜಾವ ಜಾಡಮಾಲಿ ಹೆಂಗಸು ಹೊರಗಿನ ಸಂದಿಯಿಂದ ಅದನ್ನೆತ್ತಿ, ಒಳಗಿನದನ್ನು ತಗಡಿನ ಚೂರಿನಿಂದ ಗೋರಿ ಬುಟ್ಟಿಗೆ ತುಂಬಿ, ಮೇಲೆ ಬೂದಿ ಚೆಲ್ಲಿ ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು. "ಅಮ್ಮಾವ್ರೇ, ನೀರು" ಎಂದು ಕೂಗಿದರೆ ಅಮ್ಮ ಗೋಡೆಯ ಮೇಲಿಂದ ಚೊಂಬು ಬಗ್ಗಿಸುತ್ತಿದ್ದರು. ಹಬ್ಬದ ಮಾರನೆಯ ದಿನ ತಂಗಳೂ ಅದೇ ದಾರಿಯಲ್ಲಿ ಹೋಗುತ್ತಿತ್ತು. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಆಕೆಯ ಹೆಸರು ಗೊತ್ತಿರಲಿಲ್ಲ. ಪುರಸಭೆಯ ಹಾಜರಿ ಪುಸ್ತಕದಲ್ಲಿ ಇದ್ದಿರಬೇಕು.

ಹಾಜರಿ ಪುಸ್ತಕದ ಮಾತನ್ನು ಬೇಕೆಂದೇ ಎತ್ತಿದ್ದೇನೆ. ಅಸ್ಪೃಶ್ಯತೆ ಎಂದೊಡನೆ ನಮಗೆ ನೆನಪಾಗುವುದು ಬಾವಿ, ಗುಡಿ, ಹೋಟೆಲಿನ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನ 17ನೆಯ ವಿಧಿಯಲ್ಲಿ ಅದನ್ನು ರದ್ದು ಮಾಡಿತು. 1955ರ ಕಾಯಿದೆ ಬಾವಿಗೂ ಗುಡಿಗೂ ಬಿಡದವರಿಗೆ ಶಿಕ್ಷೆ ವಿಧಿಸಿತು. ಬುಟ್ಟಿಯ ಮಾತು ಮಾತ್ರ ಅದರಲ್ಲಿರಲಿಲ್ಲ. ಬುಟ್ಟಿ ಹೊರಿಸುತ್ತಿದ್ದ ಧಣಿ ಊರೂರಿನ ಪುರಸಭೆಯೇ ತಾನೆ! ಸಮಿತಿಗಳೇನೋ ಆದವು. 1949ರಲ್ಲಿ ಮುಂಬಯಿ ಸರ್ಕಾರ ಬರ್ವೆ ಸಮಿತಿ ನೇಮಿಸಿತು (ಧಾರವಾಡ, ಬೆಳಗಾವಿಗಳು ಆಗ ಮುಂಬಯಿಗೇ ಸೇರಿದ್ದವು). 1957ರಲ್ಲಿ ಕೇಂದ್ರ ಸರ್ಕಾರ ಮಲ್ಕಾನಿ ಸಮಿತಿ ನೇಮಿಸಿತು. ತಲೆಹೊರೆ ತಪ್ಪಿಸಲು ಕೈಗಾಡಿ ಕೊಡಿ ಎಂಬ ಸಲಹೆ ಬಂತು. ನಮ್ಮೂರಿಗೂ ಎರಡು ಕೈಗಾಡಿ ಬಂದವು. ಸಂದಿ ಕಿರಿದು, ಗಾಡಿ ಅಗಲ. ನಿಂತಲ್ಲೇ ತುಕ್ಕು ಹಿಡಿದವು.

ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಸಲಹೆಯ ಗೋಜಿಗೆ ಹೋಗಲಿಲ್ಲ. ಸ್ವತಃ ದಲಿತರಾಗಿದ್ದ ಅವರು ತಲೆಯ ಮೇಲೆ ಮಲ ಹೊರಿಸುವುದನ್ನೇ ನಿಷೇಧಿಸಿದರು. ನಮ್ಮ ಬೀದಿಯಲ್ಲಿ ಮನೆಮನೆಗೂ ಗುಂಡಿ ತೋಡಬೇಕಾಯಿತು. ಇಟ್ಟಿಗೆಯ ಖರ್ಚಿಗೆ ಅಪ್ಪ ಒಂದು ತಿಂಗಳು ಗೊಣಗಿದರು. ತಗಡಿನ ಬಾಗಿಲಿದ್ದ ಕಡೆ ಗೋಡೆ ಎದ್ದಿತು.

ಅದೇ ಸಚಿವರ ವಿರುದ್ಧ 1973ರ ನವೆಂಬರಿನಲ್ಲಿ ನಾನು ಮೆರವಣಿಗೆ ಹೋದೆ.

ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂಬರ್ಥದ ಮಾತಾಡಿದ್ದರು. ಅಲ್ಲೇ ಬಿ.ಎ. ಓದುತ್ತಿದ್ದ ನಾನು ಪಂಪನನ್ನು ಪಠ್ಯದ ಹತ್ತು ಪುಟದಾಚೆ ಓದಿದವನಲ್ಲ. ಆದರೂ ಅಭಿಮಾನ ಉಕ್ಕಿಬಂತು. ಮೈಸೂರು, ಬೆಂಗಳೂರುಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಒಂದು ವಾರ ಬರಲಿಲ್ಲ. ಬಂದ ಮೇಲೆ ಬೇರೆ ಬೆಂಚಿಗೆ ಹೋದ. ನಾನು ಹೊಡೆದಿರಲಿಲ್ಲ, ಹೊಡೆದವರ ಹಿಂದೆ ನಿಂತು ಘೋಷಣೆ ಕೂಗಿದ್ದೆ. ಐವತ್ತು ವರ್ಷದಿಂದ ಈ ವ್ಯತ್ಯಾಸವನ್ನು ಹಿಡಿದುಕೊಂಡು ಸಮಾಧಾನಪಡಲು ನೋಡಿದ್ದೇನೆ, ಆಗಿಲ್ಲ. ಕುವೆಂಪು ಅವರು ಸಚಿವರ ಪರ ನಿಂತದ್ದನ್ನೂ ನಾವು ಲೆಕ್ಕಕ್ಕಿಡಲಿಲ್ಲ. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಏಟಿನ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು.

ರಜೆಗೆ ಊರಿಗೆ ಹೋಗಿ ಹುರುಪಿನಿಂದ ಇದನ್ನೆಲ್ಲ ವರ್ಣಿಸಿದೆ. ಅಪ್ಪ ಹಸುವಿಗೆ ಕಲಗಚ್ಚು ಇಡುತ್ತಿದ್ದರು. "ಬೂಸಾ ಅನ್ನೋದು ಬೈಗುಳ ಹೇಗಾಯ್ತೋ? ಇದನ್ನ ತಿಂದೇ ಅಲ್ವೇನೋ ಇವಳು ಹಾಲು ಕೊಡೋದು" ಎಂದರು. ಅಮ್ಮ ಕೇಳಿದ್ದು ಇಷ್ಟೇ: "ಯಾವ ಮಂತ್ರಿ? ಹಿತ್ತಲ ತಗಡಿನ ಬಾಗಿಲು ಮುಚ್ಚಿಸಿದರಲ್ಲ, ಅವರೇ ಏನೋ?" ಹೌದೆಂದೆ. ಅಮ್ಮ ಎದ್ದು ಒಳಗೆ ಹೋದರು.

ಈಗಲೂ ಬಸವಲಿಂಗಪ್ಪನವರ ಹೆಸರೆತ್ತಿದರೆ ನನ್ನ ಓರಗೆಯವರಿಗೆ ಮೊದಲು ನೆನಪಾಗುವುದು ಬೂಸಾ. ಬುಟ್ಟಿ ನೆನಪಾಗುವುದಿಲ್ಲ. ಒಂದು ಮಾತಿಗೆ ಅಷ್ಟು ನೊಂದ ನಮಗೆ ಆ ಬುಟ್ಟಿ ಒಂದು ದಿನವೂ ನೋಯಿಸಿರಲಿಲ್ಲ.

ಬಲವಂತವಾಗಿ ಜಾಡಮಾಲಿ ಕೆಲಸ ಮಾಡಿಸುವುದೂ ಅಸ್ಪೃಶ್ಯತೆಯ ಆಚರಣೆಯೇ ಎಂದು 1955ರ ಕಾಯಿದೆಗೆ ಸೇರಿದ್ದು 1976ರಲ್ಲಿ. ದೇಶಕ್ಕೊಂದು ನಿಷೇಧ ಕಾಯಿದೆ 1993ರಲ್ಲಿ ಆಯಿತು. ಅದು ಸಾಲದೆ 2013ರಲ್ಲಿ ಇನ್ನೊಂದು ಬಂತು. ನಡುವೆ 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ, ಪುರಸಭೆಯ ಮುಂದೆ ಮಲವನ್ನು ಮೈಗೆ ಸುರಿದುಕೊಂಡು ನಿಂತರು. ಬುಟ್ಟಿ ತಲೆಯಿಂದ ಇಳಿದ ಮೇಲೆ ಮನುಷ್ಯರೇ ಗುಂಡಿಗೆ ಇಳಿಯತೊಡಗಿದರು. ಹಾಗೆ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು.

ಹೋದ ವರ್ಷ ನಮ್ಮ ಮನೆಯ ಗುಂಡಿ ತುಂಬಿ ಹೀರುವ ಲಾರಿ ಕರೆಸಿದೆ. ಪೈಪು ತಳ ಮುಟ್ಟಲಿಲ್ಲ. ಜೊತೆಗಿದ್ದ ಹುಡುಗ ಅಂಗಿ ಬಿಚ್ಚಿ, "ಐದು ನಿಮಿಷ ಸಾರ್, ಇಳಿದು ಸರಿ ಮಾಡ್ತೀನಿ" ಎಂದ. ಬೇಡವೆಂದು ತಡೆದೆ. ಲಾರಿಯನ್ನು ಪಕ್ಕದ ಖಾಲಿ ಸೈಟಿನಿಂದ ತಿರುಗಿಸಿ ತರಲು ಎರಡು ಗಂಟೆ ಹಿಡಿಯಿತು. ನೆರೆಯವರು ಮೂಗು ಮುಚ್ಚಿಕೊಂಡು ಗೊಣಗಿದರು. ಕೆಲಸ ಮುಗಿದ ಮೇಲೆ ಹುಡುಗನ ಹೆಸರು ಕೇಳಿದೆ. ಅವನು ಗಾಬರಿಯಿಂದ ಡ್ರೈವರನ ಮುಖ ನೋಡಿ, "ಕಂಪ್ಲೇಂಟ್ ಕೊಡ್ತೀರಾ ಸಾರ್?" ಎಂದ.