ಊರೂರು ಸುತ್ತಿದ ಪಾಠಶಾಲೆ: ನಾಟಕ ಕಂಪನಿಗಳ ತಿರುಗಾಟದ ಕಥೆ

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ವೇದಿಕೆ ಕಟ್ಟಿದ ಎಲ್ಲರಿಗೂ ಒಂದು ವಿಷಯ ಚೆನ್ನಾಗಿ ಗೊತ್ತು. ಎರಡು ಗಂಟೆಯ ಕಾರ್ಯಕ್ರಮಕ್ಕೆ ಎರಡು ದಿನದ ದುಡಿಮೆ ಬೇಕು. ಗಳ ನೆಡಬೇಕು, ಪರದೆ ಕಟ್ಟಬೇಕು, ಮೈಕಿನವನನ್ನು ಕರೆತರಬೇಕು, ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಒಪ್ಪಿಸಬೇಕು. ಹೀಗಿರುವಾಗ ವರ್ಷವಿಡೀ ಊರಿಂದೂರಿಗೆ ಹೋಗುತ್ತಾ, ರಾತ್ರಿಯ ಮೇಲೆ ರಾತ್ರಿ ಹಾಡು ಮತ್ತು ಅಭಿನಯ ಕೊಟ್ಟ ನಮ್ಮ ವೃತ್ತಿ ನಾಟಕ ಕಂಪನಿಗಳು ಈ ವಿದ್ಯೆಯನ್ನು ಎಲ್ಲಿ ಕಲಿತವು? ಇದಕ್ಕೆ ಅಂದು ಯಾವ ಕಾಲೇಜೂ ಇರಲಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರು.

1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಮೇಳವೊಂದು ಸಾಂಗ್ಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿನ ದೊರೆ, ಮರಾಠಿಯಲ್ಲೂ ಇಂಥದೊಂದು ಆಗಲೆಂದು ಬಯಸಿದರು. 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮುಂದೆ ಮರಾಠಿ ಮಂಡಳಿಗಳೇ ಧಾರವಾಡ ಸೀಮೆಗೆ ಬಂದು ಜನರನ್ನು ಮರುಳು ಮಾಡಿದಾಗ, ಗದಗಿನಲ್ಲಿ ಶಾಂತಕವಿಗಳು ಕನ್ನಡದ ನಾಟಕ ಮಂಡಳಿ ಕಟ್ಟಿದರು. ಒಂದು ತಿರುಗಾಟ ಇನ್ನೊಂದನ್ನು ಹುಟ್ಟಿಸುತ್ತಾ ಹೋಯಿತು. ಹಳೇ ಮೈಸೂರಿನ ಕಡೆ 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಯಿತು. ಬಾಲಕನಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಕನ್ನಡ ನಾಡಿನ ಬಹು ದೊಡ್ಡ ಕಂಪನಿಯಾಗಿ ಬೆಳೆಸಿದರು.

ಕಂಪನಿ ಊರಿಗೆ ಬರುವ ಮುಂಚೆ ಮ್ಯಾನೇಜರು ಬರುತ್ತಿದ್ದ. ಜಾಗ ಗೊತ್ತು ಮಾಡಿ, ಪರವಾನಗಿ ಪಡೆದು, ಜನರು ಇಳಿಯಲು ಮನೆ ಹುಡುಕಿ, ಸುಗ್ಗಿ ಎಂದು, ಜಾತ್ರೆ ಎಂದು, ಮಳೆ ಎಂದು ವಿಚಾರಿಸುತ್ತಿದ್ದ. ಆಮೇಲೆ ಸಾಮಾನು, ಅದರ ಹಿಂದೆ ಜನ. ಕೋಲಿಗೆ ಸುತ್ತಿದ ಪರದೆಗಳು, ಉಡುಪಿನ ಪೆಟ್ಟಿಗೆಗಳು, ಕಿರೀಟ, ಗದೆ, ಹಾರ್ಮೋನಿಯಂ, ಅಡುಗೆಯ ಕೊಪ್ಪರಿಗೆ, ತಗಡು, ಬೆಂಚು ಎಲ್ಲವೂ ರೈಲಿನಲ್ಲೋ ಗಾಡಿಯಲ್ಲೋ ಬರಬೇಕು. ಊರು ಬದಲಿಸುವುದು ಇಷ್ಟು ದುಬಾರಿಯಾದ್ದರಿಂದ ಕಂಪನಿಗಳು ಊರಿನ ಬದಲು ನಾಟಕವನ್ನು ಬದಲಿಸುತ್ತಿದ್ದವು. ಇಂದು ‘ಸದಾರಮೆ’ ನೋಡಿದವನನ್ನು ಮತ್ತೊಂದು ರಾತ್ರಿ ಬೇರೊಂದು ಕಥೆಗೆ ಕರೆಸಬೇಕು. ಅದಕ್ಕಾಗಿ ನಟನ ನಾಲಿಗೆಯ ಮೇಲೆ ಹಲವು ನಾಟಕಗಳ ಮಾತು, ಹಾಡು ಸದಾ ಸಿದ್ಧವಿರಬೇಕಿತ್ತು.

ರಂಗದ ಮೇಲೂ ಇಂಥದೇ ಲೆಕ್ಕಾಚಾರ. ಮುಂದೆ ಬೀದಿಯ ಪರದೆ ಇಳಿದು ಹಾಸ್ಯಗಾರರು ಜನರನ್ನು ನಗಿಸುತ್ತಿದ್ದರೆ, ಅದರ ಹಿಂದೆ ಸದ್ದಿಲ್ಲದೆ ದರ್ಬಾರು ಸಿದ್ಧವಾಗುತ್ತಿತ್ತು. ಸಿಂಹಾಸನ ನಿಲ್ಲುವುದು ತಡವಾದರೆ ಹಾಸ್ಯವೂ ಉದ್ದವಾಗಬೇಕು. ಮೈಕು ಬರುವ ಮುಂಚೆ ಹಾಡುಗಾರನ ದನಿ ಕೊನೆಯ ಸಾಲಿನ ನೆಲದ ಟಿಕೆಟಿನವನಿಗೂ ಮುಟ್ಟಬೇಕಿತ್ತು. ತಗಡಿನ ಮೇಲೆ ಮಳೆ ಬಿದ್ದರಂತೂ ಯಾವ ದನಿಯೂ ಸಾಲದು. ಜನ ‘ಒನ್ಸ್ ಮೋರ್’ ಎಂದರೆ ಸಾಯುತ್ತಿರುವ ಪಾತ್ರವೂ ಎದ್ದು ಮತ್ತೆ ಹಾಡಬೇಕು!

ಹೀಗೆ ಕಂಪನಿಯೇ ಪಾಠಶಾಲೆಯಾಯಿತು. ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟ ಮುತ್ತುರಾಜ ಎಂಬ ಹುಡುಗ ತಂದೆಯ ಜೊತೆಗೆ ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ರಾಜ್‌ಕುಮಾರ್ ಆದ. ಮನೆ ಬಿಟ್ಟು ಓಡಿ ಬಂದು ಅದೇ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲು ಕಾಶಿಗೆ ಕಳುಹಿಸಿದರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು.

1934 ಈ ಚರಿತ್ರೆಯಲ್ಲಿ ನೆನಪಿಡಬೇಕಾದ ವರ್ಷ. ಆ ವರ್ಷ ಗುಬ್ಬಿ ಕಂಪನಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವೂ ತೆರೆಕಂಡಿತು. ಒಂದು ಕಡೆ ಇಡೀ ಸೈನ್ಯವೇ ಪ್ರಯಾಣ ಮಾಡಬೇಕು. ಇನ್ನೊಂದು ಕಡೆ ರೀಲಿನ ಡಬ್ಬಗಳು ಹೋದರೆ ಸಾಕು. ನಾಟಕ ಕಂಪನಿಗಳು ಒಂದೊಂದಾಗಿ ಸೋತುದಕ್ಕೆ ಜನರ ಅಭಿರುಚಿಯ ಜೊತೆಗೆ ಈ ಸಾಗಾಣಿಕೆಯ ಲೆಕ್ಕವೂ ಕಾರಣ. ಆದರೂ ಅವು ಪೂರ್ತಿ ಅಳಿಯಲಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ಇಂದಿಗೂ ಕಂಪನಿ ನಾಟಕ ನೋಡಬಹುದು. ಇಂದಿನ ದೊಡ್ಡ ಸಂಗೀತ ಕಛೇರಿಗಳಲ್ಲಿ ಲಾರಿ, ಜನರೇಟರು, ಸ್ಪೀಕರುಗಳು ಬಂದಿವೆ. ಕ್ರಮ ಮಾತ್ರ ಹಳೆಯದೇ. ಮೊದಲು ಜಾಗ, ಆಮೇಲೆ ಸಾಮಾನು, ಆಮೇಲೆ ಕಲಾವಿದ, ಕೊನೆಗೆ ಬಿಚ್ಚಿ ಕಟ್ಟುವ ಕೆಲಸ.

ಒಂದು ಕೊರತೆಯನ್ನು ಹೇಳಲೇಬೇಕು. ವೀರಣ್ಣ, ಜಯಮ್ಮ, ರಾಜ್‌ಕುಮಾರ್ ಅವರ ಹೆಸರು ನಮಗೆಲ್ಲ ಗೊತ್ತು. ಪರದೆ ಎಳೆದವನು, ದೃಶ್ಯ ಬರೆದವನು, ನಡುರಾತ್ರಿ ಐವತ್ತು ಎಲೆ ಹಾಕಿ ಬಡಿಸಿದ ಅಡುಗೆಯವನು ಯಾರು? ಅವರ ವಿದ್ಯೆ ಕೈಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಕಂಪನಿ ಮುಚ್ಚಿದ ದಿನ ಅದೂ ಮುಚ್ಚಿಹೋಯಿತು.

ನಮ್ಮ ಶಾಲೆಯ ಐವತ್ತು ವರ್ಷಗಳಿಗೂ ಇದು ಅನ್ವಯಿಸುತ್ತದೆ. ಬಹುಮಾನ ಪಡೆದವರ ಹೆಸರು ದಾಖಲೆಯಲ್ಲಿದೆ. ವೇದಿಕೆಗೆ ಮನೆಯ ಹಲಗೆ ಕೊಟ್ಟವರು, ಗ್ಯಾಸ್‌ಲೈಟಿಗೆ ಗಾಳಿ ಹಾಕಿದವರು, ಮಕ್ಕಳಿಗೆ ಬಣ್ಣ ಹಚ್ಚಿದವರು ನಮ್ಮ ಊರಲ್ಲೇ ಇದ್ದಾರೆ. ಕೆಲವರು ಈಗಾಗಲೇ ಇಲ್ಲ. ಈ ಸಂಪುಟ ಓದುವ ಹಳೆಯ ವಿದ್ಯಾರ್ಥಿಗಳು ತಮಗೆ ನೆನಪಿರುವ ಅಂಥ ಒಂದೊಂದು ಹೆಸರನ್ನು ಬರೆದು ಶಾಲೆಗೆ ಕೊಡಲಿ. ಅಷ್ಟಾದರೆ ನಮ್ಮ ಸುವರ್ಣ ಮಹೋತ್ಸವ ಸಾರ್ಥಕ.